ಠಂಡಾಯಿ ಮಸಾಲೆಯ ಓಲ್ಡ್ ಫ್ಯಾಶನ್ಡ್

ವಾರಾಣಸಿಯ ಲಂಕಾ ಎಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರಿನ ಗಿಜಿಗಿಜಿ ಪೇಟೆ. ಹುಡುಗರು ಓಡಾಡುವ ಜಾಗ, ಚಹಾ, ಲಸ್ಸಿಗೆ ಬರವಿಲ್ಲ. ಇಲ್ಲಿನ ಹೆಸರುವಾಸಿ ಪೈಲ್ವಾನ್ ಲಸ್ಸಿ ಅಂಗಡಿ 2025ರ ಜೂನ್‌ನಲ್ಲಿ ರಸ್ತೆ ಅಗಲೀಕರಣಕ್ಕೆ ನೆಲಸಮವಾಯಿತು. ಆದರೆ ಬನಾರಸಿಗರ ಬೆರೆಸುವ ಕೈಚಳಕ ನೋಡಬೇಕಾದರೆ ಠಂಡಾಯಿ ಕುಡಿಯಬೇಕು.

ಬಾದಾಮಿ, ಗಸಗಸೆ, ಕರ್ಬೂಜದ ಬೀಜ, ಸೋಂಪು, ಏಲಕ್ಕಿ, ಗುಲಾಬಿ ದಳ ನೆನೆಹಾಕಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆತ ತಣ್ಣನೆಯ ಹಾಲಿಗೆ ಸೇರಿಸುತ್ತಾರೆ. ಕೆಲವರಿಗೆ ಭಂಗಿಯೂ ಬೇಕು. ಆ ಕಥೆ ಬೇರೆ. ಠಂಡಾಯಿಯ ಜೀವವಿರುವುದು ಅದಕ್ಕೆ ಬೀಳುವ ಕಾಳುಮೆಣಸಿನಲ್ಲಿ. ಅದನ್ನು ಬಿಟ್ಟರೆ ಉಳಿಯುವುದು ಬರೀ ಬಾದಾಮಿ ಹಾಲು.

ವಿಸ್ಕಿಯ ಹಳೇ ಕಾಕ್‌ಟೇಲ್ ಓಲ್ಡ್ ಫ್ಯಾಶನ್ಡ್ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂದು 1806ರಲ್ಲೇ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದು ಬರೆದಿತ್ತು. ಬಿಟರ್ಸ್ ಎಂಬುದು ಬೇರು, ತೊಗಟೆ, ಮಸಾಲೆಗಳ ಕಹಿ ಸಾರ. ಠಂಡಾಯಿಯಲ್ಲಿ ಮೆಣಸು ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ: ಸಿಹಿಯನ್ನು ಅಂಕೆಯಲ್ಲಿಡುವುದು. ಹಾಗಾದರೆ ಎರಡನ್ನೂ ಒಂದೇ ಲೋಟಕ್ಕೆ ತರಬಾರದೇಕೆ?

ಮೊದಲು ಮಸಾಲೆ ಪಾಕ: ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು, ಒಂದು ಚಮಚ ಸೋಂಪು, ಎರಡು ಏಲಕ್ಕಿ, ಎಂಟು-ಹತ್ತು ಮೆಣಸಿನ ಕಾಳು. ಮೆಣಸನ್ನು ಕುಟ್ಟಾಣಿಯಲ್ಲಿ ಒಡೆದರೆ ಸಾಕು; ಪುಡಿಯಾದರೆ ಪಾಕ ಮಬ್ಬಾಗಿ ಗಂಟಲು ಕೆರೆಯುತ್ತದೆ. ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಅರ್ಧ ಗಂಟೆ ಮುಚ್ಚಿಟ್ಟು ಸೋಸಿ. ಫ್ರಿಜ್‌ನಲ್ಲಿಟ್ಟರೆ ವಾರವಿಡೀ ಬಳಸಬಹುದು.

ದಪ್ಪ ತಳದ ಲೋಟಕ್ಕೆ ಈ ಪಾಕ ಒಂದು ಚಮಚ, ಬಿಟರ್ಸ್ ಎರಡು ಹನಿ, ವಿಸ್ಕಿ 60 ಮಿಲಿ. ದೊಡ್ಡ ಐಸ್ ಗಡ್ಡೆ ಹಾಕಿ ಅರ್ಧ ನಿಮಿಷ ನಿಧಾನವಾಗಿ ತಿರುಗಿಸಿ. ಸಣ್ಣ ಐಸ್ ಬೇಗ ಕರಗಿ ಎಲ್ಲವನ್ನೂ ನೀರು ಮಾಡಿಬಿಡುತ್ತದೆ. ಕೊನೆಗೆ ಕಿತ್ತಳೆ ಸಿಪ್ಪೆಯ ಒಂದು ಪಟ್ಟಿಯನ್ನು ಲೋಟದ ಮೇಲೆ ಹಿಡಿದು ಹಿಂಡಿ. ಬೆಳಕಿಗೆ ಅಡ್ಡ ಹಿಡಿದರೆ ಎಣ್ಣೆ ಸಣ್ಣಗೆ ಸಿಡಿಯುವುದು ಕಾಣುತ್ತದೆ. ಸಿಪ್ಪೆಯ ಒಳಗಿನ ಬಿಳಿ ಭಾಗ ಮಾತ್ರ ಬೇಡ, ಬರೀ ಕಹಿ.

ಯಾವ ವಿಸ್ಕಿ? ನನ್ನ ಮತ ಬೆಂಗಳೂರಿನ ಅಮೃತ್‌ಗೆ. 1948ರಲ್ಲಿ ಶುರುವಾದ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ನಮ್ಮ ಸೆಕೆಗೆ ಪೀಪಾಯಿಯಲ್ಲಿನ ವಿಸ್ಕಿ ಸ್ಕಾಟ್ಲೆಂಡಿಗಿಂತ ಹಲವು ಪಟ್ಟು ಬೇಗ ಆವಿಯಾಗುತ್ತದೆ, ಅಷ್ಟೇ ಬೇಗ ಮಾಗುತ್ತದೆ. ಮಸಾಲೆಯ ಎದುರು ನಿಲ್ಲುವ ಖಡಕ್ಕುತನ ಅದಕ್ಕಿದೆ.

ಅಂಗಡಿಯಲ್ಲಿ ಸಿಗುವ ಠಂಡಾಯಿ ಸಿರಪ್ ಮಾತ್ರ ಇದಕ್ಕೆ ಸುರಿಯಬೇಡಿ. ಅದರ ಸಿಹಿ ವಿಸ್ಕಿಯನ್ನೇ ನುಂಗಿಹಾಕುತ್ತದೆ.