ದೃಷ್ಟಿ ಕಾರ್ಟೆಕ್ಸಿನ ನರಜಾಲ ಮತ್ತು ಗಡಿನಾಡಿನ ಎರಡು ಲಿಪಿಗಳು
ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಿನಲ್ಲಿ ಕನ್ನಡ ಮನೆಮಾತಿನ ಅನೇಕ ಮಕ್ಕಳು ಶಾಲೆಯಲ್ಲಿ ಮೊದಲು ತಿದ್ದುವುದು ತೆಲುಗು ಅಕ್ಷರಗಳನ್ನು. ಮಡಕಶಿರಾ ಸೀಮೆಯ ಹೇಮಾವತಿಯಲ್ಲಿ ನೊಳಂಬರು ಕನ್ನಡ ಶಾಸನಗಳನ್ನು ಬರೆಯಿಸಿದ ಕಾಲಕ್ಕೆ ಎರಡೂ ಭಾಷೆಗಳಿಗೆ ಬಹುಮಟ್ಟಿಗೆ ಒಂದೇ ಲಿಪಿಯಿತ್ತು. ಇಂದಿನ ಅಂತರ ಗಟ್ಟಿಯಾದದ್ದು 19ನೆಯ ಶತಮಾನದ ಅಚ್ಚುಮೊಳೆಗಳಿಂದ. ಹೀಗಿರುವಾಗ ತೆಲುಗು ಓದಬಲ್ಲ ಮಗುವಿಗೆ ಕನ್ನಡ ಲಿಪಿಯನ್ನು ಬೇರೆಯಾಗಿ ಕಲಿಸಬೇಕೆ ಎಂಬ ಪ್ರಶ್ನೆ ಸಹಜ. ಉತ್ತರದ ಒಂದು ಭಾಗ ಮಿದುಳಿನ ಹಿಂಬದಿಯಲ್ಲಿದೆ.

ಅಕ್ಷಿಪಟದಿಂದ ಹೊರಟ ಸಂಕೇತಗಳು ಥಲಾಮಸ್ಸಿನ ಮೂಲಕ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸನ್ನು ಸೇರುತ್ತವೆ. ಅದರ ಆರು ಪದರಗಳಲ್ಲಿ ನಾಲ್ಕನೆಯದು ಇವುಗಳ ಮುಖ್ಯ ಹೆಬ್ಬಾಗಿಲು. ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನಲ್ಲಿ ಇಲ್ಲಿನ ನರಕೋಶಗಳನ್ನು ಪರೀಕ್ಷಿಸುತ್ತಿದ್ದಾಗ, ಗಾಜಿನ ಫಲಕದ ಮೇಲಿನ ಚುಕ್ಕಿಗೆ ಮಿಡಿಯದ ಕೋಶವೊಂದು ಫಲಕದ ಅಂಚಿನ ನೆರಳಿಗೆ ಮಿಡಿಯಿತು. ಅದು ಬಯಸಿದ್ದು ನಿರ್ದಿಷ್ಟ ಓರೆಯ ಗೆರೆಯನ್ನು. 1959ರಲ್ಲಿ ಪ್ರಕಟವಾದ ಈ ಶೋಧದ ಬೆನ್ನಿಗೆ ಅವರು ನೀಡಿದ ವಿವರಣೆ ಸರಳ: ಥಲಾಮಸ್ಸಿನ ಕೋಶಗಳು ಚುಕ್ಕಿಗಳನ್ನು ಗ್ರಹಿಸುತ್ತವೆ, ಸಾಲಾಗಿರುವ ಅಂಥ ಹಲವು ಕೋಶಗಳ ಸಂಕೇತ ಒಂದೇ ಕೋಶಕ್ಕೆ ಬಂದು ಕೂಡಿದರೆ, ರಂಗೋಲಿಯ ಚುಕ್ಕಿಗಳು ಸೇರಿ ಗೆರೆಯಾದಂತೆ, ಗೆರೆಯ ಗ್ರಹಿಕೆ ಹುಟ್ಟುತ್ತದೆ. ಒಂದೇ ಓರೆಯನ್ನು ಬಯಸುವ ಕೋಶಗಳು ಕಂಬದಂತೆ ಮೇಲೆ ಕೆಳಗೆ ನಿಂತಿರುತ್ತವೆ. ಪಕ್ಕಕ್ಕೆ ಸರಿದರೆ ಓರೆ ಕ್ರಮೇಣ ಬದಲಾಗುತ್ತದೆ. ಇಬ್ಬರೂ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಈ ಹಂತದಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಇರುವುದು ಗೆರೆಗಳು ಮಾತ್ರ. ಮುಂದಿನ ವಲಯಗಳಲ್ಲಿ ಬಾಗುಗಳಿಗೆ, ಆಕಾರಗಳಿಗೆ ಮಿಡಿಯುವ ಕೋಶಗಳು ಬರುತ್ತವೆ. ದುಂಡು ಲಿಪಿಗಳ ಓದುಗರಿಗೆ ಇವು ಮುಖ್ಯವೆಂದು ಬೇರೆ ಹೇಳಬೇಕಿಲ್ಲ.

ಓದು ಈ ವ್ಯವಸ್ಥೆಯನ್ನು ಹೇಗೆ ಬದಲಿಸುತ್ತದೆ? ಹಿಂದೂಪುರಕ್ಕೆ ದೂರವಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಕಾಶ್ ಅಗರ್‌ವಾಲ್, ಕೆ.ವಿ.ಎಸ್. ಹರಿ ಮತ್ತು ಎಸ್.ಪಿ. ಅರುಣ್ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಾಗುತ್ತದೆ. ತೆಲುಗು ಬಲ್ಲ, ಮಲಯಾಳಂ ಅರಿಯದ ಓದುಗರನ್ನೂ, ಮಲಯಾಳಂ ಬಲ್ಲ, ತೆಲುಗು ಅರಿಯದ ಓದುಗರನ್ನೂ ಅವರು ಹೋಲಿಸಿದರು. ತಮಗೆ ಬರುವ ಲಿಪಿಯಲ್ಲಿ ಓದುಗರು ಬಿಡಿ ಅಕ್ಷರಗಳನ್ನು ಹೆಚ್ಚು ಸ್ಪಷ್ಟವಾಗಿ ಬೇರ್ಪಡಿಸಿದರು. ಅಕ್ಕಪಕ್ಕದ ಅಕ್ಷರಗಳು ಒಂದರ ಗುರುತನ್ನು ಇನ್ನೊಂದು ಕದಡುವುದೂ ಕಡಿಮೆಯಾಗಿತ್ತು. ಮಿದುಳಿನ ಚಿತ್ರಣದಲ್ಲಿ, ಆಕಾರಗಳನ್ನು ಗ್ರಹಿಸುವ ವಲಯವೊಂದರಲ್ಲಿ, ಅಕ್ಷರಜೋಡಿಯ ಪ್ರತಿಕ್ರಿಯೆಯನ್ನು ಬಿಡಿ ಅಕ್ಷರಗಳ ಪ್ರತಿಕ್ರಿಯೆಗಳಿಂದ ಹೆಚ್ಚು ನಿಖರವಾಗಿ ಊಹಿಸಬಹುದಾಗಿತ್ತು. ಎಂದರೆ, ಓದಿನ ಅಭ್ಯಾಸ ಪದಗಳ ಅಚ್ಚುಗಳನ್ನು ಮಿದುಳಿನಲ್ಲಿ ಪೇರಿಸುವುದಕ್ಕಿಂತ, ಬಿಡಿ ಅಕ್ಷರಗಳನ್ನು ಸ್ಫುಟಗೊಳಿಸುತ್ತದೆ.

ತೆಲುಗು ಮತ್ತು ಮಲಯಾಳಂ ಲಿಪಿಗಳು ನೋಟಕ್ಕೆ ದೂರ, ಕನ್ನಡ ಮತ್ತು ತೆಲುಗು ಹತ್ತಿರ. ಆದ್ದರಿಂದ ಈ ಫಲಿತಾಂಶವನ್ನು ಗಡಿನಾಡಿಗೆ ಹಾಗೆಯೇ ಎತ್ತಿ ತರುವಂತಿಲ್ಲ. ಆದರೂ ಒಂದು ಅನುಮಾನ ಸಾಧು. ಗ, ಜ, ಟ, ರ, ಲ ಮುಂತಾದ ಅಕ್ಷರಗಳಲ್ಲಿ ತೆಲುಗಿನ ಅಭ್ಯಾಸ ಮಗುವಿನ ಕೈ ಹಿಡಿಯುತ್ತದೆ. ಕ, ತ, ಶ ಎರಡು ಲಿಪಿಗಳಲ್ಲಿಯೂ ಬೇರೆಬೇರೆ ರೂಪ ತಳೆದಿವೆ. ತಲೆಕಟ್ಟು ಕನ್ನಡದಲ್ಲಿ ಅಡ್ಡಗೆರೆಯಂತಿದ್ದರೆ ತೆಲುಗಿನಲ್ಲಿ ಸರಿಗುರುತಿನಂತಿದೆ. ಇವು ಸ್ಫುಟವಾಗಲು ಕನ್ನಡದ ಪುಟಗಳೇ ಕಣ್ಣ ಮುಂದೆ ಬರಬೇಕು. ಬೇರೆ ಬೋಧನೆ ಬೇಡವೆಂಬ ವಾದ ಇಲ್ಲಿ ಸೋಲುತ್ತದೆ. ಮೊದಲಿನಿಂದ ಎಲ್ಲವನ್ನೂ ಕಲಿಸಬೇಕೆಂಬ ಹಟವೂ ನಿಲ್ಲುವುದಿಲ್ಲ. ತೆಲುಗು ಬಲ್ಲ ಕನ್ನಡ ಮಗುವಿನ ಬಾಲಬೋಧೆ ಅಕಾರಾದಿಯಾಗಿಯೇ ತೊಡಗಬೇಕಿಲ್ಲ. ಕ, ತ, ಶಗಳಿಂದಲೂ ತೊಡಗಬಹುದು.