ಹಳೆಯ ಬೋಟಿಗೆ ಹೊಸ ಕಣ್ಣು
ಮಲ್ಪೆ ಬಂದರಿನ 61 ದಿನಗಳ ಮಳೆಗಾಲದ ದುರಸ್ತಿ ಪರ್ವ

ಜೂನ್ ಮೊದಲ ವಾರ ಮಲ್ಪೆಯ ದಕ್ಕೆಗೆ ಹೋದರೆ ಬಂದರಿನ ನೀರೇ ಕಾಣುವುದಿಲ್ಲ. ಆಳಸಮುದ್ರದ ಟ್ರಾಲ್ ಬೋಟು, ಪರ್ಸಿನ್ ಬೋಟು, ತ್ರಿಸೆವೆಂಟಿ ಬೋಟುಗಳೆಲ್ಲ ಮಗ್ಗುಲಿಗೆ ಮಗ್ಗುಲು ತಾಗಿಸಿ, ಹಗ್ಗ ಬಿಗಿದು ನಿಂತಿರುತ್ತವೆ. ಮೀನು ಮೊಟ್ಟೆಯಿಡುವ, ಕಡಲು ಮುನಿಯುವ ಈ ಕಾಲದಲ್ಲಿ, ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಆಗ ಕಡಲು ತೆರೆದಿರುತ್ತದೆ.

ಬೋಟು ನಿಂತಿತೆಂದು ಕೆಲಸ ನಿಲ್ಲುವುದಿಲ್ಲ. ಹತ್ತು ತಿಂಗಳು ಉಪ್ಪುನೀರಿನಲ್ಲಿ ದುಡಿದ ಬೋಟನ್ನು ಬಿಚ್ಚಿ, ಒರೆಸಿ, ಹೊಸದನ್ನು ಜೋಡಿಸಿ ಮತ್ತೆ ಕಡಲಿಗೆ ಸಜ್ಜುಗೊಳಿಸಲು ಇರುವುದು ಈ 61 ದಿನ ಮಾತ್ರ. ಬಡಗಿ, ವೆಲ್ಡರ್, ಫೈಬರ್ ಕೆಲಸದವರು, ಎಂಜಿನ್ ಮೆಕ್ಯಾನಿಕ್, ವಯರಿಂಗ್‌ನವರು, ಬಲೆ ಕಟ್ಟುವವರು ಎಲ್ಲರೂ ಮಳೆಯ ನಡುವೆಯೇ ದುಡಿಯುತ್ತಾರೆ. ಹಳೆಯ ಬೋಟಿಗೆ ಯಾವ ಸಲಕರಣೆ ಕೊಳ್ಳಬೇಕು, ಯಾವುದನ್ನು ಮೊದಲು ಕೂರಿಸಬೇಕು ಎಂಬುದು ನಿರ್ಧಾರವಾಗುವುದೂ ಈಗಲೇ. ಆ ನಿರ್ಧಾರಕ್ಕೆ ಬೋಟಿನ ಮೇಲಿರುವವರೆಲ್ಲರ ಜೀವ ಅಂಟಿಕೊಂಡಿದೆ.

ಮೊದಲು ಒಡಲು

ಮೇಲಕ್ಕೆಳೆದ ಬೋಟಿನ ಅಡಿಭಾಗವನ್ನು ನೋಡಿದವರಿಗೆ ಕಡಲಿನ ಹಸಿವು ಅರ್ಥವಾಗುತ್ತದೆ. ಮರಕ್ಕೆ ಕೊರೆಹುಳದ ಕಾಟ, ಕಬ್ಬಿಣಕ್ಕೆ ತುಕ್ಕು, ಎಲ್ಲದರ ಮೇಲೂ ಚಿಪ್ಪಿನ ಜೀವಿಗಳ ಗಡಸು ಪದರ. ಈ ಪದರ ಬೆಳೆದಷ್ಟೂ ಬೋಟಿನ ವೇಗ ಕುಂದಿ ಡೀಸೆಲ್ ಖರ್ಚು ಏರುತ್ತದೆ.

ಹಿಂದೆ ನಮ್ಮ ಕರಾವಳಿಯ ಮರದ ದೋಣಿಗಳಿಗೆ ಹೆಬ್ಬಲಸು ಮೆಚ್ಚಿನ ಮರ. ಅದಕ್ಕೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಕಾರ್ಕಳದಂಥ ಊರುಗಳ ಗೇರು ಕಾರ್ಖಾನೆಗಳಲ್ಲಿ ಬೀಜದ ಸಿಪ್ಪೆಯಿಂದ ಹೊರಡುವ, ಚರ್ಮ ಸುಡುವ ಆ ಕಪ್ಪು ಎಣ್ಣೆ ಮರ ಕೊರೆಯುವ ಹುಳಕ್ಕೂ ಆಗದು. ಈಗ ಮರದ ಮೇಲೆ ಫೈಬರ್ ಹೊದಿಕೆ ಬಂದಿದೆ, ಕಬ್ಬಿಣದ ಬೋಟುಗಳು ಹೆಚ್ಚಿವೆ. ಕಬ್ಬಿಣದ ಒಡಲಿಗೆ ಅಲ್ಲಲ್ಲಿ ಸತುವಿನ ತುಂಡುಗಳನ್ನು ಕೂರಿಸುತ್ತಾರೆ. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಅದು ಇರುವಷ್ಟು ದಿನ ಕಬ್ಬಿಣ ಉಳಿಯುತ್ತದೆ. ಸವೆದ ಸತುವನ್ನು ವರ್ಷವರ್ಷವೂ ಬದಲಿಸುವುದು ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಲಾಭದ ಕೆಲಸ.

ಇದರ ಜೊತೆಗೇ ನೋಡಬೇಕಾದದ್ದು ಫ್ಯಾನಿನ ಶಾಫ್ಟು ಒಡಲನ್ನು ತೂರಿ ಹೊರಹೋಗುವ ಜಾಗ, ಚುಕ್ಕಾಣಿ ಮತ್ತು ತಳದ ನೀರೆತ್ತುವ ಪಂಪು. ನೀರು ಏರಿದ ಕೂಡಲೇ ತಾನಾಗಿ ಚಾಲೂ ಆಗುವ ಪಂಪು, ಅದು ಕೆಟ್ಟರೆ ಕೈಯಲ್ಲೇ ಎತ್ತುವ ಇನ್ನೊಂದು, ಎರಡೂ ಬೇಕು. ಸೋರುವ ಬೋಟಿನ ಕ್ಯಾಬಿನ್‌ನಲ್ಲಿ ಮೀನು ಹುಡುಕುವ ಎಷ್ಟು ದುಬಾರಿ ಪರದೆ ಇಟ್ಟರೂ ಪ್ರಯೋಜನವಿಲ್ಲ.

ದೊಡ್ಡ ಎಂಜಿನ್ ಎಂಬ ಆಸೆ

ದುರಸ್ತಿಯ ಹೊತ್ತಿಗೆ ಮಾಲೀಕರನ್ನು ಹೆಚ್ಚು ಸೆಳೆಯುವುದು ದೊಡ್ಡ ಎಂಜಿನ್. ಅಶ್ವಶಕ್ತಿ ಹೆಚ್ಚಿದರೆ ಬಲೆ ಎಳೆಯುವ ಬಲ ಹೆಚ್ಚುತ್ತದೆ, ನಿಜ. ವೇಗದ ಲೆಕ್ಕ ಬೇರೆ. ನೀರನ್ನು ಸೀಳಿಕೊಂಡು ಸಾಗುವ ಬೋಟಿನ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿನ ಮಟ್ಟದಲ್ಲಿ 64 ಅಡಿ ಉದ್ದವಿರುವ ಬೋಟು ಸುಮಾರು 10.7 ನಾಟ್, ಅಂದರೆ ಗಂಟೆಗೆ 20 ಕಿ.ಮೀ. ಹತ್ತಿರ ಬಂದಾಗ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಲು ಏಗುತ್ತಿರುತ್ತದೆ. ಅಲ್ಲಿಂದ ಮುಂದೆ ಸುರಿದ ಡೀಸೆಲ್ ಬಹುಪಾಲು ಅಲೆಗೇ ಹೋಗುತ್ತದೆ.

ಎಂಜಿನ್ ಬದಲಾದರೆ ಅದಕ್ಕೆ ಹೊಂದುವ ಫ್ಯಾನು, ಗೇರ್‌ಬಾಕ್ಸ್, ಶಾಫ್ಟಿನ ಗಾತ್ರ ಎಲ್ಲವೂ ಬದಲಾಗಬೇಕು. ಹಳೆಯ ಹಲಗೆಗಳು ಹೊಸ ಅದುರುವಿಕೆಯನ್ನು ತಾಳಬೇಕು. ಇನ್ನೂ ಮುಖ್ಯವಾದದ್ದು ತೂಕ. ಭಾರದ ವಿಂಚು, ಕ್ಯಾಬಿನ್ ಮೇಲೊಂದು ನೀರಿನ ಟ್ಯಾಂಕು, ಅದರ ಮೇಲೆ ಬಲೆಯ ರಾಶಿ, ಹೀಗೆ ವರ್ಷಕ್ಕೊಂದಿಷ್ಟು ಮೇಲೆ ಮೇಲೆ ಏರಿಸುತ್ತ ಹೋದರೆ ಬೋಟು ವಾಲಿದಾಗ ಮತ್ತೆ ನೆಟ್ಟಗಾಗುವ ಗುಣ ಕಳೆದುಕೊಳ್ಳುತ್ತದೆ. ಅಳಿವೆ ಬಾಗಿಲಿನಲ್ಲಿ ಅಲೆ ಪಕ್ಕಕ್ಕೆ ಬಡಿದಾಗ ಬೇಕಾಗುವುದು ಆ ಗುಣವೇ.

ಕಣ್ಣಿಗೆ ಬೀಳದ ವಯರು

ವಯರಿಂಗ್ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಬೋಟಿನಲ್ಲಿ ಹೊಸ ಯಂತ್ರ ಕೈಕೊಟ್ಟರೆ ಮೊದಲು ಹುಡುಕಬೇಕಾದದ್ದು ಅಲ್ಲೇ. ಒಂದು ಲೆಕ್ಕ ನೋಡಿ. ಬ್ಯಾಟರಿಯಿಂದ ವಯರ್‌ಲೆಸ್ ಸೆಟ್ಟಿಗೆ 10 ಮೀಟರ್ ದೂರವಿದ್ದರೆ ಹೋಗಿ ಬರುವ ವಯರಿನ ಉದ್ದ 20 ಮೀಟರ್. ಮಾತಾಡುವಾಗ ಸೆಟ್ಟು 5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಮನೆಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವಯರು ಹಾಕಿದರೆ ದಾರಿಯಲ್ಲೇ ಸುಮಾರು 1.2 ವೋಲ್ಟ್ ಸೋರಿಹೋಗುತ್ತದೆ, 12 ವೋಲ್ಟಿನಲ್ಲಿ ಹತ್ತನೆಯ ಒಂದು ಪಾಲು. 6 ಚದರ ಮಿ.ಮೀ. ವಯರಿನಲ್ಲಿ ನಷ್ಟ 0.3 ವೋಲ್ಟ್ ಅಷ್ಟೇ. ಬ್ಯಾಟರಿ ಮೊದಲೇ ಇಳಿದಿರುವ ಹೊತ್ತಿನಲ್ಲಿ ಈ ಒಂದು ವೋಲ್ಟಿನಿಂದ ದನಿ ದಡ ಮುಟ್ಟುವುದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ.

ಆದ್ದರಿಂದ ಪ್ರತಿ ಯಂತ್ರಕ್ಕೂ ಬೇರೆ ಫ್ಯೂಸು, ತವರದ ಲೇಪವಿರುವ ಗಟ್ಟಿ ಜೋಡಣೆ, ನೀರು ತಾಗದ ದಾರಿ ಬೇಕು. ತಿರುಚಿ ಟೇಪು ಸುತ್ತಿದ ಗಂಟಿನೊಳಗೆ ಉಪ್ಪಿನ ಗಾಳಿ ಹೊಕ್ಕರೆ ತಾಮ್ರ ಹಸಿರುಗಟ್ಟುತ್ತದೆ. ವಯರ್‌ಲೆಸ್ಸಿಗೆ ಪ್ರತ್ಯೇಕ ಬ್ಯಾಟರಿಯೊಂದನ್ನು ಎಂಜಿನ್ ಕೋಣೆಯಲ್ಲಿಡದೆ ಎತ್ತರದ ಜಾಗದಲ್ಲಿಡುವುದು ಜಾಣತನ. ನೀರು ನುಗ್ಗಿದಾಗ ಮೊದಲು ಮುಳುಗುವುದು ಎಂಜಿನ್ ಕೋಣೆಯೇ.

ಘಟ್ಟದ ಗುರುತಿನಿಂದ ಉಪಗ್ರಹಕ್ಕೆ

ಜಿಪಿಎಸ್ ಇಲ್ಲದ ಕಾಲದಲ್ಲಿ ಬೋಟು ನಡೆಸುವ ತಾಂಡೇಲನಿಗೆ ದಡದ ಗುರುತುಗಳೇ ನಕ್ಷೆ. ರಾತ್ರಿಗೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ. ಹಗಲು ಮೋಡವಿಲ್ಲದಿದ್ದರೆ ಕಾರ್ಕಳದ ಬೆನ್ನ ಹಿಂದಿನ ಘಟ್ಟದ ಸಾಲಿನಲ್ಲಿ ತಲೆಯೆತ್ತಿದ ಕುದುರೆಮುಖ. ಹತ್ತಿರದ ತೆಂಗಿನ ತೋಪು, ದೂರದ ಗುಡ್ಡ ಒಂದೇ ಗೆರೆಗೆ ಬಂದರೆ ಕಲ್ಲು ಇರುವ ಜಾಗ ಇದೇ ಎಂದು ಹೇಳುವ ವಿದ್ಯೆ ಅದು.

ಇಂದು ಕ್ಯಾಬಿನ್‌ನಲ್ಲಿ ಜಿಪಿಎಸ್ ಜೊತೆಗೆ ಫಿಶ್ ಫೈಂಡರ್ ಇದೆ. ಬೋಟಿನಡಿಯಿಂದ ಹೊರಟ ಶಬ್ದದ ಅಲೆ ಮೀನಿನ ಹಿಂಡಿಗೋ ಕಡಲ ತಳಕ್ಕೋ ಬಡಿದು ವಾಪಸಾಗುವ ಸಮಯದಿಂದ ಅದು ಆಳವನ್ನು ಅಳೆಯುತ್ತದೆ. ಶಬ್ದ ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುವುದರಿಂದ 75 ಮೀಟರ್ ಆಳದ ಸುದ್ದಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಬಂದುಬಿಡುತ್ತದೆ. ಆಳ ನೀರಿಗೆ 50 ಕಿಲೋಹರ್ಟ್ಸ್, ದಡದ ಹತ್ತಿರ ಸ್ಪಷ್ಟ ಚಿತ್ರಕ್ಕೆ 200 ಕಿಲೋಹರ್ಟ್ಸ್ ಸೂಕ್ತ. ಶಬ್ದ ಕಳಿಸುವ ಬಿಲ್ಲೆಯನ್ನು ಫ್ಯಾನಿನ ನೊರೆಯಿಂದ ದೂರ, ಸದಾ ನೀರಿನೊಳಗೇ ಇರುವ ಕಡೆ ಕೂರಿಸಬೇಕು. ಗುಳ್ಳೆಗಳು ಅಡ್ಡ ಬಂದರೆ ಒಳ್ಳೆಯ ಯಂತ್ರವೂ ಕುರುಡು. ಸ್ಪೀಕರು, ಪರದೆಗಳನ್ನು ದಿಕ್ಸೂಚಿಯ ಪಕ್ಕದಲ್ಲಿಡಬಾರದು. ಅವುಗಳ ಆಯಸ್ಕಾಂತ ಮುಳ್ಳನ್ನು ತಪ್ಪು ದಾರಿಗೆ ತಿರುಗಿಸುತ್ತದೆ.

ದಡಕ್ಕೆ ಮುಟ್ಟುವ ಕರೆ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಆಚೆ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಪತ್ತೆಮಾಡಿತು. ಆ ತಿಂಗಳುಗಳನ್ನು ಏಳು ಮನೆಗಳು ಹೇಗೆ ಕಳೆದವೆಂಬುದನ್ನು ಈ ಕರಾವಳಿ ಮರೆಯುವಂತಿಲ್ಲ. ಬೋಟು ಎಲ್ಲಿದೆ ಎಂದು ದಡಕ್ಕೆ ಗೊತ್ತಿರಬೇಕು ಎಂಬ ಪಾಠವನ್ನು ನಾವು ತೀರಾ ದೊಡ್ಡ ಬೆಲೆ ತೆತ್ತು ಕಲಿತೆವು.

ವಿಎಚ್‌ಎಫ್ ವಯರ್‌ಲೆಸ್ ಇದರ ಮೊದಲ ಮೆಟ್ಟಿಲು. ಅದರ 16ನೇ ಚಾನೆಲ್ ಜಗತ್ತಿನೆಲ್ಲೆಡೆ ಆಪತ್ತಿನ ಕರೆಗೆ ಮೀಸಲು. ಈ ಅಲೆಗಳು ಹೆಚ್ಚುಕಡಿಮೆ ನೇರ ನೋಟದಷ್ಟೇ ದೂರ ಹೋಗುವುದರಿಂದ ಆಂಟೆನಾದ ಎತ್ತರವೇ ಅದರ ಶಕ್ತಿ. ಎರಡು ಬೋಟುಗಳ ಆಂಟೆನಾ 4 ಮೀಟರ್ ಎತ್ತರದಲ್ಲಿದ್ದರೆ ಮಾತು ಸುಮಾರು 16 ಕಿ.ಮೀ. ಮುಟ್ಟುತ್ತದೆ, 9 ಮೀಟರಿಗೆ ಏರಿಸಿದರೆ ಸುಮಾರು 25 ಕಿ.ಮೀ.

ಅದರಾಚೆಗೆ ಉಪಗ್ರಹವೇ ಗತಿ. ಇಸ್ರೊ ರೂಪಿಸಿದ ಆಪತ್ತಿನ ಸಂದೇಶ ಯಂತ್ರ ಡಿಎಟಿ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೋಟಿನ ಜಾಗ ಕರಾವಳಿ ಕಾವಲು ಪಡೆಯ ಕೇಂದ್ರಕ್ಕೆ ತಲುಪುತ್ತದೆ. ‘ನಿಮ್ಮ ಕರೆ ಮುಟ್ಟಿದೆ’ ಎಂದು ತಿರುಗಿ ತಿಳಿಸುವ ಎರಡನೇ ತಲೆಮಾರಿನ ಯಂತ್ರವೂ ಈಗ ಬಂದಿದೆ. 2024ರ ಆಗಸ್ಟ್ 30ರಂದು ದೇಶದ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆ ಸಿಕ್ಕಿತು. ಈ ಟ್ರಾನ್ಸ್‌ಪಾಂಡರ್ ಇದ್ದರೆ ಮೊಬೈಲ್ ಸಿಗ್ನಲ್ ಇಲ್ಲದ ಕಡಲಿನಲ್ಲೂ ಚಿಕ್ಕ ಸಂದೇಶ ಕಳಿಸಬಹುದು, ದಡದಿಂದ ಹವಾಮಾನದ ಎಚ್ಚರಿಕೆ ಪಡೆಯಬಹುದು.

ಬೇಡವೆನ್ನಬೇಕಾದದ್ದು

ಸಲಕರಣೆ ಆರಿಸುವುದೆಂದರೆ ಕೆಲವನ್ನು ಬಿಡುವುದೂ ಹೌದು. ಜನರೇಟರಿಗೆ ಜೋಡಿಸಿದ ಪ್ರಖರ ಎಲ್‌ಇಡಿ ಬೆಳಕಿನಿಂದ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆಯೂ ಅಂಥದ್ದೇ. ನಾಳಿನ ಮೀನನ್ನು ಇಂದೇ ಬಾಚುವ ಯಂತ್ರಕ್ಕೆ ಹಾಕಿದ ಹಣ ಬೋಟಿಗೂ ಮಕ್ಕಳಿಗೂ ದಕ್ಕುವುದಿಲ್ಲ.

ಕೈಯಲ್ಲಿರುವ ಹಣಕ್ಕೆ ಒಂದು ಸಾಲು ಇರಲಿ. ಮೊದಲು ಸೋರದ ಒಡಲು, ಆಮೇಲೆ ಎಂಜಿನ್ ಮತ್ತು ಚುಕ್ಕಾಣಿ, ಆಮೇಲೆ ಗಟ್ಟಿ ವಯರಿಂಗ್, ಅದರ ಬೆನ್ನಿಗೇ ವಯರ್‌ಲೆಸ್, ಟ್ರಾನ್ಸ್‌ಪಾಂಡರ್ ಮತ್ತು ಬೋಟಿನಲ್ಲಿರುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್. ಮೀನು ಹುಡುಕುವ ಪರದೆ ಇವೆಲ್ಲ ಆದ ಮೇಲೆ. ಮೀನು ಇಂದಲ್ಲ ನಾಳೆ ಸಿಕ್ಕೀತು.

ನಿಷೇಧ ಮುಗಿದ ಮೇಲೆ ವಡಭಾಂಡೇಶ್ವರ ದೇವಸ್ಥಾನದಲ್ಲಿ ಪೂಜೆ ಮುಗಿಸಿ, ಕಡಲಿಗೆ ಹಾಲೆರೆದು ಬೋಟುಗಳು ಮತ್ತೆ ಹೊರಡುತ್ತವೆ. ಮಾಲೀಕರಲ್ಲಿ, ತಾಂಡೇಲರಲ್ಲಿ ಒಂದೇ ವಿನಂತಿ. ಹಗ್ಗ ಬಿಚ್ಚುವ ಮುನ್ನ ಅರ್ಧ ಗಂಟೆ ಕೊಡಿ. ಹೊರರಾಜ್ಯದಿಂದ ಬಂದ ಹೊಸ ಕಲಾಸಿಯೂ ಸೇರಿ ಪ್ರತಿಯೊಬ್ಬರಿಗೂ 16ನೇ ಚಾನೆಲ್ ಹಾಕುವುದು ಹೇಗೆ, ಆಪತ್ತಿನ ಗುಂಡಿ ಎಲ್ಲಿದೆ, ಲೈಫ್ ಜಾಕೆಟ್ ಎಲ್ಲಿ ತೂಗಿದೆ ಎಂದು ಕೈಹಿಡಿದು ತೋರಿಸಿ. ದಡದಲ್ಲಿರುವ ಮನೆಯವರು ಕರಾವಳಿ ಕಾವಲು ಪಡೆಯ 1554 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.