ಹಳೆಯವರೋ ಈಗಿನವರೋ: ಕ್ರಿಕೆಟ್ ಹೋಲಿಕೆಯ ಐದು ತಪ್ಪು ಲೆಕ್ಕಗಳು

ವಿಶ್ವನಾಥ್ ದೊಡ್ಡವರೋ ಕೊಹ್ಲಿ ದೊಡ್ಡವರೋ, ಪ್ರಸನ್ನ ಮೇಲೋ ಅಶ್ವಿನ್ ಮೇಲೋ ಎಂಬ ವಾದ ಕ್ರಿಕೆಟ್ ನೋಡುವ ಮನೆಗಳಲ್ಲಿ ಮುಗಿಯುವುದೇ ಇಲ್ಲ. ವಾದ ಮಾಡುವುದು ತಪ್ಪಲ್ಲ. ಆದರೆ ನಾವೆಲ್ಲ ನಂಬಿಕೊಂಡು ಬಂದ ಕೆಲವು ಅಳತೆಗಳೇ ತಪ್ಪಾಗಿವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಸರಾಸರಿ ಹೆಚ್ಚಿರುವವನೇ ಉತ್ತಮ ದಾಂಡಿಗ.

ವಾಸ್ತವ: ಸರಾಸರಿ ರನ್ನು ಎಣಿಸುತ್ತದೆ, ಪಿಚ್ ಹೇಗಿತ್ತು, ಎದುರಿಗೆ ಯಾರಿದ್ದರು ಎಂದು ಹೇಳುವುದಿಲ್ಲ. 91 ಟೆಸ್ಟ್‌ಗಳಲ್ಲಿ ವಿಶ್ವನಾಥ್ ಅವರ ಸರಾಸರಿ 41.93. ಇಂದಿನ ಕಣ್ಣಿಗೆ ಇದು ಸಾಧಾರಣ. ಆದರೆ 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತಾಗ, ಭಾರತದ 190 ರನ್ನುಗಳಲ್ಲಿ ಔಟಾಗದೆ 97 ಹೊಡೆದವರು ಇವರೇ. ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ದಾಖಲೆ ಪುಸ್ತಕದಲ್ಲಿ ಅದು ಶತಕವೂ ಅಲ್ಲ. ಸಪಾಟು ಪಿಚ್ಚಿನ 150ಕ್ಕಿಂತ ಅದು ಹಿರಿದೆಂಬುದನ್ನು ಸರಾಸರಿ ತೋರಿಸದು.

ತಪ್ಪು ಕಲ್ಪನೆ 2: ಅಂದಿನ ಬೌಲಿಂಗ್ ದುರ್ಬಲವಾಗಿತ್ತು, ಆದ್ದರಿಂದ ಬ್ರಾಡ್ಮನ್ನರ 99.94 ಬರೀ ಸುಲಭದ ಫಸಲು.

ವಾಸ್ತವ: ಬೌಲಿಂಗ್ ಅಷ್ಟು ದುರ್ಬಲವಾಗಿದ್ದರೆ ಅದರ ಲಾಭ ಎಲ್ಲರಿಗೂ ಸಿಗಬೇಕಿತ್ತು. ಸಿಗಲಿಲ್ಲ. ಅದೇ ಕಾಲದ ದಿಗ್ಗಜರಾದ ಹೆಡ್ಲಿ 60.83ಕ್ಕೆ, ಸಟ್‌ಕ್ಲಿಫ್ 60.73ಕ್ಕೆ, ಹ್ಯಾಮಂಡ್ 58.45ಕ್ಕೆ ನಿಂತರು. ಬ್ರಾಡ್ಮನ್ನರನ್ನು ಕಟ್ಟಿಹಾಕಲೆಂದೇ ಹೂಡಿದ 1932-33ರ ಬಾಡಿಲೈನ್ ಸರಣಿಯಲ್ಲೂ ಅವರ ಸರಾಸರಿ 56.57. ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು: ಅವರ 52 ಟೆಸ್ಟ್‌ಗಳೂ ನಡೆದದ್ದು ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ. ನಮ್ಮ ತಿರುಗುವ ಪಿಚ್ಚುಗಳ ಪರೀಕ್ಷೆ ಅವರಿಗೆ ಎದುರಾಗಲಿಲ್ಲ.

ತಪ್ಪು ಕಲ್ಪನೆ 3: ವಿಕೆಟ್ ಹೆಚ್ಚು ಪಡೆದವನೇ ಮೇಲು.

ವಾಸ್ತವ: ವಿಕೆಟ್ ಬೇಕಾದರೆ ಮೊದಲು ಪಂದ್ಯ ಬೇಕು. ಪ್ರಸನ್ನ ಅವರಿಗೆ ಸಿಕ್ಕದ್ದು 49 ಟೆಸ್ಟ್, ಪಡೆದದ್ದು 189 ವಿಕೆಟ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ಪಡೆದರು. ಅದೂ ಬೇಡಿ, ವೆಂಕಟರಾಘವನ್ ಜೊತೆ ಹಂಚಿಕೊಂಡು. 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದ ಕುಂಬ್ಳೆ ನಿವೃತ್ತರಾದದ್ದು 2008ರಲ್ಲಿ. ಅಂಪೈರ್ ತೀರ್ಪಿನ ಮರುಪರಿಶೀಲನೆ ಅಧಿಕೃತವಾಗಿ ಜಾರಿಗೆ ಬಂದದ್ದು ಮರುವರ್ಷ. ಮುಂಗಾಲು ಚಾಚಿ ಪ್ಯಾಡ್‌ಗೆ ಚೆಂಡು ತಾಗಿಸಿಕೊಂಡವರಿಗೆ ಅಂದು ಸಂಶಯದ ಲಾಭ ಸಿಗುತ್ತಿತ್ತು. ಇಂದು ಸ್ಪಿನ್ನರ್‌ಗೆ ಆ ನಷ್ಟ ಕಡಿಮೆ. ಆದರೆ ಅಶ್ವಿನ್‌ಗೆ ಬೇರೆ ಕಷ್ಟವಿತ್ತು: ಅವರ ಒಂದೊಂದು ಎಸೆತವನ್ನೂ ಎದುರಾಳಿಗಳು ವಿಡಿಯೋದಲ್ಲಿ ಓದಿಕೊಂಡು ಬರುತ್ತಿದ್ದರು.

ತಪ್ಪು ಕಲ್ಪನೆ 4: ಹೆಲ್ಮೆಟ್ ಬಂದ ಮೇಲೆ ಆಟಕ್ಕೆ ಧೈರ್ಯವೇ ಬೇಕಿಲ್ಲ.

ವಾಸ್ತವ: ಹಿಂದೆ ಅಪಾಯ ಹೆಚ್ಚಿತ್ತು, ನಿಜ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಗ್ರಿಫಿತ್ ಎಸೆತ ತಲೆಗೆ ಬಡಿದು ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಪ್ರಾಣಾಪಾಯಕ್ಕೆ ಸಿಲುಕಿದರು. ಮತ್ತೆ ಟೆಸ್ಟ್ ಆಡಲೇ ಇಲ್ಲ. ಆದರೆ 2014ರಲ್ಲಿ ಸಿಡ್ನಿಯಲ್ಲಿ ಕುತ್ತಿಗೆಗೆ ಬೌನ್ಸರ್ ಬಡಿದು ತೀರಿಕೊಂಡ ಫಿಲ್ ಹ್ಯೂಸ್ ಹೆಲ್ಮೆಟ್ ಧರಿಸಿದ್ದರು. ಅಪಾಯ ತಗ್ಗಿದೆ, ಹೋಗಿಲ್ಲ. ಅಲ್ಲದೆ ಧೈರ್ಯ ಬೇರೆ, ಕೌಶಲ ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ಅಂಕ ಕೊಡಬಾರದು.

ತಪ್ಪು ಕಲ್ಪನೆ 5: ಹಿಂದಿನವರಿಗೆ ಬಿರುಸಾಗಿ ಹೊಡೆಯಲು ಬರುತ್ತಿರಲಿಲ್ಲ.

ವಾಸ್ತವ: ಇದಕ್ಕೆ ಸಾಕ್ಷಿಯಾಗಿ ಎಲ್ಲರೂ ಎತ್ತುವುದು 1975ರ ವಿಶ್ವಕಪ್‌ನಲ್ಲಿ ಗಾವಸ್ಕರ್ 174 ಎಸೆತಗಳಲ್ಲಿ ಗಳಿಸಿದ 36. ಅದೇ ವಿಶ್ವಕಪ್‌ನ ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ 85 ಎಸೆತಗಳಲ್ಲಿ 102 ಹೊಡೆದದ್ದನ್ನು ಯಾರೂ ಎತ್ತುವುದಿಲ್ಲ. ರಿಚರ್ಡ್ಸ್ ಏಕದಿನ ಪಂದ್ಯಗಳಲ್ಲಿ 100 ಎಸೆತಕ್ಕೆ 90 ರನ್ನಿನ ವೇಗದಲ್ಲಿ, 47ರ ಸರಾಸರಿಯಲ್ಲಿ ಆಡಿದರು. ಅದೂ ಇಂದಿನ ದಪ್ಪ ಅಂಚಿನ ಬ್ಯಾಟ್ ಇಲ್ಲದೆ. ಹೊಡೆತ ಬರುತ್ತಿತ್ತು. ಎಲ್ಲರೂ ಹೊಡೆಯಲೇಬೇಕೆಂಬ ಒತ್ತಾಯ ಮಾತ್ರ ಇರಲಿಲ್ಲ.

ಹಾಗಾದರೆ ಹೋಲಿಸುವುದೇ ಬೇಡವೇ? ಬೇಕು, ಸರಿಯಾಗಿ ಹೋಲಿಸಬೇಕು. ವಿಶ್ವನಾಥ್ ಅವರನ್ನು ಕೊಹ್ಲಿ ಪಕ್ಕ ನಿಲ್ಲಿಸುವ ಮೊದಲು, ಇಬ್ಬರನ್ನೂ ಅವರವರ ಕಾಲದ ಆಟಗಾರರ ಪಕ್ಕ ನಿಲ್ಲಿಸಿ ನೋಡಬೇಕು. ಅದೇ ಪಿಚ್, ಅದೇ ಬೌಲರ್, ಅದೇ ನಿಯಮ ಇದ್ದಾಗ ಉಳಿದವರು ಎಷ್ಟು ಮಾಡಿದರು, ಇವರು ಎಷ್ಟು ಮಾಡಿದರು? ಆ ಅಂತರವೇ ಕೌಶಲದ ನಿಜವಾದ ಅಳತೆ. ಆ ಲೆಕ್ಕ ಹಾಕಿದರೆ, ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ತೆಗಳುವ ಅಗತ್ಯ ನಮಗೆ ಬೀಳುವುದಿಲ್ಲ.